ಡೆಕ್ಕಿನ ಕೆಳಗಿನ ತೊಲೆ

ಅಂಗಿಯ ಕಿಸೆಯಲ್ಲಿದ್ದ ದಬ್ಬಣ ಟೆಂಪೋ ಕುಲುಕಿದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ತೆಗೆದು ಬೇರೆ ಕಡೆ ಇಟ್ಟುಕೊಳ್ಳೋಣವೆಂದರೆ ಮಾವಳ್ಳಿಯಿಂದ ಭಟ್ಕಳಕ್ಕೆ ಹೋಗುವ ಆ ಟೆಂಪೋದಲ್ಲಿ ಮೊಣಕೈ ಬಿಚ್ಚಲೂ ಜಾಗವಿರಲಿಲ್ಲ; ಒಂದು ಕೈಯಲ್ಲಿ ಮೇಲಿನ ಸಲಾಕೆ, ಇನ್ನೊಂದರಲ್ಲಿ ಪೂಜೆಯ ತೆಂಗಿನಕಾಯಿಯ ಚೀಲ. ‘ಅಜ್ಜ, ಸ್ವಲ್ಪ ಒಳಗೆ ಸರೀರಿ’ ಎಂದು ಬಾಗಿಲಲ್ಲಿ ಜೋತುಬಿದ್ದ ಕ್ಲೀನರ್ ಹೇಳಿದಾಗ ಮಾಬ್ಲ ಸರಿಯಲಿಲ್ಲ. ಮಾಬ್ಲ ಬೋಟು ನಡೆಸುತ್ತಿದ್ದ ಕಾಲದಲ್ಲಿ ಇದೇ ಕ್ಲೀನರ್ ‘ತಾಂಡೇಲರೇ, ಮುಂದೆ ಬನ್ನಿ’ ಎಂದು ಡ್ರೈವರನ ಪಕ್ಕದ ಸೀಟು ಬಿಡಿಸಿಕೊಡುತ್ತಿದ್ದ. ಮಂಡಿ ಕೈಕೊಟ್ಟು ಸಮುದ್ರ ಬಿಟ್ಟ ಮೇಲೆ ತಾಂಡೇಲ ಹೋಗಿ ಅಜ್ಜ ಆದದ್ದು ಯಾವತ್ತು ಎಂದು ಮಾಬ್ಲನಿಗೆ ನೆನಪಿಲ್ಲ. ಇರಲಿ, ಇವತ್ತು ಚಿಂತೆ ಅದಲ್ಲ. ಇವತ್ತಿನ ಚಿಂತೆ ಕಿಸೆಯಲ್ಲಿತ್ತು. ನಿನ್ನೆ ಮಧ್ಯಾಹ್ನ ಆ ದಬ್ಬಣ ‘ಮಹಾಲಕ್ಷ್ಮೀ’ ಬೋಟಿನ ಡೆಕ್ಕಿನ ಅಡಿಯ ತೊಲೆಯೊಳಗೆ, ಬೆಂದ ಗೆಣಸಿನೊಳಗೆ ಹೋದ ಹಾಗೆ, ಅದರ ಕಣ್ಣಿನ ತನಕ ಹೋಗಿತ್ತು. ಇವತ್ತು ಮಧ್ಯಾಹ್ನ ಭರತದ ನೀರು ಏರಿದಾಗ ಆ ಬೋಟು ನೀರಿಗಿಳಿಯುತ್ತದೆ. ಅಳಿಯ ರಾಜೇಶ ನಾಲ್ಕು ಜನರನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋಗುತ್ತಾನೆ. ತೊಲೆಯ ಸಂಗತಿ ಗೊತ್ತಿರುವುದು ಮಾಬ್ಲನೊಬ್ಬನಿಗೆ, ಮತ್ತು ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಹೇಳಬಾರದೆಂದೇನಲ್ಲ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಬಾಯಿ ತೆರೆದಿದ್ದ. ಮಾತು ಬರುವ ಮೊದಲೇ ಹೆಂಡತಿ ಬಂಗಾರಿ ಅವನ ಮುಖ ನೋಡಿ, ‘ಎಂತ, ಸಾರಿಗೆ ಉಪ್ಪು ಕಮ್ಮಿ ಆತ?’ ಎಂದು ಕೇಳಿದಳು. ಉಪ್ಪು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ‘ಇಲ್ಲ, ಸರೀ ಅದೆ’ ಎಂದು ನೀರು ಕುಡಿದ. ರಾಜೇಶ ಊಟಕ್ಕೆ ಬಂದಿರಲಿಲ್ಲ. ಬಂದರಿನಲ್ಲಿ ಏನೋ ಕೆಲಸ ಉಳಿದಿದೆಯಂತೆ ಎಂದು ಮಗಳು ಸುಚಿತಾ ಹೇಳಿದಳು. ಅವನಿಲ್ಲದ್ದೇ ಒಳ್ಳೆಯದಾಯಿತು ಎಂದುಕೊಂಡ ಮಾಬ್ಲನಿಗೆ, ಹಾಗೆಂದುಕೊಂಡ ತನ್ನ ಮೇಲೆಯೇ ಅಸಹ್ಯವಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಉಪ್ಪಿನ ಮೂಟೆ ಕಾಲಿಗೆ ತಾಗಿತು. ಮಳೆಗಾಲದ ಥಂಡಿಗೆ ಅದು ಒಸರಿ ಒಸರಿ ನೆಲವೆಲ್ಲ ಒದ್ದೆಯಾಗಿತ್ತು. ಬಂಗಾರಿ ಎರಡು ತಿಂಗಳಿಂದ ಅದನ್ನು ಬೈಯುತ್ತಲೇ ಇದ್ದಾಳೆ, ಬೋಟಿಗೆ ತಂದದ್ದು ಬೋಟಿಗೆ ಹೋಗದೆ ನನ್ನ ಕೊಟ್ಟಿಗೇಲಿ ಎಂತಕ್ಕೆ ಬಿದ್ದದೆ ಎಂದು.

ಮರಕ್ಕೆ ಸಮುದ್ರದ ನೀರು ಏನೂ ಮಾಡುವುದಿಲ್ಲ, ಮಳೆಯ ನೀರು ಮಾಡುತ್ತದೆ. ಬಂದರಿನಲ್ಲಿ ಇದು ಎಲ್ಲರಿಗೂ ಗೊತ್ತು. ಡೆಕ್ಕಿನ ಹಲಗೆಗಳ ಸಂದಿಯಲ್ಲಿ, ಬಲೆ ಎಳೆಯುವ ವಿಂಚಿನ ಬೋಲ್ಟು ಇಳಿದ ತೂತುಗಳಲ್ಲಿ ಮಳೆಯ ನೀರು ಇಳಿದು, ಕೆಳಗೆ ಅಡ್ಡಡ್ಡ ಕೂರಿಸಿದ ತೊಲೆಗಳ ನೆತ್ತಿಯ ಮೇಲೆ ನಿಲ್ಲುತ್ತದೆ. ಹಲಗೆಯಾದರೆ ಬಿಸಿಲಿಗೆ ಒಣಗೀತು, ಎಲ್ಲರ ಕಣ್ಣಿಗೂ ಬಿದ್ದೀತು. ಹಲಗೆಯನ್ನು ಹೊತ್ತ ತೊಲೆಗೆ ಬಿಸಿಲೂ ಇಲ್ಲ, ನೋಡುವವರೂ ಇಲ್ಲ. ಅದಕ್ಕೇ ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಬೋಟನ್ನು ದಡಕ್ಕೆ ಎಳೆದು, ತೊಲೆಗಳ ಮೇಲಿನ ಸಂದಿಗೆ ಕಲ್ಲುಪ್ಪು ತುಂಬಿ, ಕೆಳಕೋಣೆಗಳ ಮುಚ್ಚಳಗಳನ್ನೆಲ್ಲ ತೆಗೆದಿಟ್ಟು, ಮೇಲೆ ಹೆಣೆದ ತೆಂಗಿನ ಮಡಲಿನ ಚಪ್ಪರ ಹೊದಿಸಿ, ಮುಂದಿನಿಂದ ಹಿಂದಿನ ತನಕ ಗಾಳಿ ಆಡುವ ಹಾಗೆ ಬಿಡುವುದು. ಉಪ್ಪು ಸಾಣಿಕಟ್ಟೆಯದೇ ಆಗಬೇಕು. ಹಿರೇಗುತ್ತಿಯವನಾದ ರಾಜೇಶ ಪ್ರತಿ ವರ್ಷ ತನ್ನ ಊರಿಗೆ ಹೋಗಿ ಬರುವಾಗ ಒಂದು ಮೂಟೆ ಹೊತ್ತು ತರುತ್ತಾನೆ, ಈ ವರ್ಷವೂ ತಂದಿದ್ದ. ಬೋಟು ನೀರಿನಲ್ಲಿರುವ ಹತ್ತು ತಿಂಗಳು ರಾಜೇಶನದು, ದಡದಲ್ಲಿರುವ ಎರಡು ತಿಂಗಳು ಮಾಬ್ಲನದು. ಹೀಗೆಂದು ಯಾರೂ ಯಾವತ್ತೂ ಬಾಯಿ ಬಿಟ್ಟು ಹೇಳಿದ್ದಿಲ್ಲ, ಆದರೆ ಮೇ ತಿಂಗಳು ಮುಗಿಯುವ ಹೊತ್ತಿಗೆ ಮಾಬ್ಲನ ಬೆನ್ನು ನೆಟ್ಟಗಾಗುವುದನ್ನು ಮನೆಯವರೆಲ್ಲ ಕಂಡಿದ್ದರು. ಉಳಿದವರು ಆಕಾಶ ನೋಡಿ ಮುಖ ಸಣ್ಣ ಮಾಡಿಕೊಂಡರೆ ಇವನು ಮೊದಲ ಗುಡುಗಿಗೆ ಎದ್ದು ಹಗ್ಗ ಹುಡುಕುತ್ತಿದ್ದ.

ಈ ವರ್ಷ ಅವನಿಗೆ ಏನು ಹಿಡಿದಿತ್ತೋ. ಭಟ್ಕಳದ ಪೇಟೆಯಲ್ಲಿ ದುಬೈ ಸಾಮಾನು ಮಾರುವ ಸಾಹೇಬರ ಅಂಗಡಿಯ ಮುಂದೆ ನೀಲಿ ತಾಡಪಾಲು ನೇತುಹಾಕಿದ್ದರು. ಎಮ್ಮೆಯ ಚರ್ಮದಷ್ಟು ದಪ್ಪ, ಅಂಚಿಗೆಲ್ಲ ಹಿತ್ತಾಳೆಯ ಕಣ್ಣು. ಸಾಹೇಬರು ಅದರ ಮೇಲೆ ಒಂದು ಚೊಂಬು ನೀರು ಸುರಿದು, ಅಡಿಯಲ್ಲಿ ತಮ್ಮ ಬಿಳಿ ಟೊಪ್ಪಿಯನ್ನೇ ಹಿಡಿದು ತೋರಿಸಿದರು. ಒಂದು ಹನಿ ಇಳಿಯಲಿಲ್ಲ. ಮಡಲಿನ ಚಪ್ಪರದಲ್ಲಿ ಅಲ್ಲೊಂದು ಇಲ್ಲೊಂದು ಹನಿ ಬಿದ್ದೇ ಬೀಳುತ್ತಿತ್ತು. ಹೋದ ವರ್ಷ ಖಲಾಸಿ ವಿನೋದ ‘ತಾಂಡೇಲರ ಚಪ್ಪರದಡಿ ಕೊಡೆ ಹಿಡ್ಕಂಡು ಕೂತ್ಕಬೇಕು’ ಎಂದು ನಗಾಡಿದ್ದು ಮಾಬ್ಲನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ತಾಡಪಾಲು ತಂದ. ಐಸಿನ ಕೋಣೆ ಇನ್ನೂ ಪೂರ್ತಿ ಒಣಗಿರಲಿಲ್ಲ, ಒಣಗಲು ಬಿಡುವಷ್ಟು ತಾಳ್ಮೆ ಅವನಿಗಿರಲಿಲ್ಲ, ಮಳೆ ಬರುವುದರೊಳಗೆ ಎಲ್ಲರಿಗೂ ತೋರಿಸಬೇಕಿತ್ತು. ಮುಚ್ಚಳ ಹಾಕಿದ. ತಾಡಪಾಲನ್ನು ಬೋಟಿನ ಮೇಲಿಂದ ನೆಲದ ತನಕ ಎಳೆದು, ಬುಡಕ್ಕೆಲ್ಲ ಮರಳಿನ ಚೀಲ ಹೇರಿದ. ಹನಿಯೇ ಇಳಿಯದ ಮೇಲೆ ಉಪ್ಪು ಯಾಕೆ? ಅದೂ ಬೇಡ ಎಂದ. ಆಗ ರಾಜೇಶ ಹಗ್ಗದ ತುದಿ ಹಿಡಿದುಕೊಂಡು, ಮುಖ ನೋಡದೆ, ‘ಮಾವ, ಬದಿಗೆ ಸ್ವಲ್ಪ ಗಾಳಿ ಬಿಟ್ರೆ ಹ್ಯಾಂಗೆ?’ ಎಂದಿದ್ದ. ಮೆಲ್ಲಗೇ ಎಂದಿದ್ದ. ಮಾಬ್ಲ ಮೆಲ್ಲಗೆ ಉತ್ತರ ಕೊಡಲಿಲ್ಲ. ‘ನೀ ಹಿರೇಗುತ್ತೀಲಿ ಚಡ್ಡಿ ಹಾಕ್ಕಂಡು ಏಡಿ ಹಿಡೀತಿದ್ದಾಗ ನಾ ಬೋಟ್ ದಡಕ್ಕೆ ಹಾಕ್ತಿದ್ದೆ. ಗಾಳಿ ಬಿಡೂದು ಎಂತಕ್ಕೆ, ಬೋಟಿಗೆಂತ ಉಬ್ಬಸವಾ?’ ವಿನೋದ ಮತ್ತು ಉಳಿದವರು ನಕ್ಕರು. ರಾಜೇಶನೂ ನಕ್ಕ. ಮನೆಯಳಿಯನಾಗಿ ಬಂದವನು, ನಗದೆ ಏನು ಮಾಡುತ್ತಾನೆ? ಆ ನಗು ಈಗ, ಈ ಟೆಂಪೋದ ಸೆಕೆಯಲ್ಲಿ, ಮಾಬ್ಲನ ಕಣ್ಣೆದುರಿಗೆ ಬಂದದ್ದು ಹೋಗಲೇ ಇಲ್ಲ.

ಭಟ್ಕಳದ ಸರ್ಕಲ್ಲಿನಲ್ಲಿ ಇಳಿದು ಬಂದರ ರಸ್ತೆಗೆ ತಿರುಗಬೇಕಾದರೆ ಸಾಹೇಬರ ಅಂಗಡಿಯ ಮುಂದೆಯೇ ಹೋಗಬೇಕು. ತಲೆ ತಗ್ಗಿಸಿ ದಾಟುತ್ತಿದ್ದವನನ್ನು ಅವರು ಕರೆದರು. ‘ಎಂತ ತಾಂಡೇಲರೇ, ಇವತ್ತು ಬೋಟ್ ಇಳಿಸೂದಂತೆ. ತಾಡಪಾಲು ಹ್ಯಾಂಗಾತು?’ ಗೇಲಿಗಲ್ಲದೆ ಅವನನ್ನು ಈಗಲೂ ತಾಂಡೇಲ ಎನ್ನುವವರು ಅವರೊಬ್ಬರೇ. ಮಾಬ್ಲ ನಿಂತು, ‘ಒಂದ್ ಹನಿ ಒಳಗೆ ಹೋಗ್ಲಿಲ್ಲ ಸಾಹೇಬ್ರೇ’ ಎಂದ. ಸುಳ್ಳೇನೂ ಹೇಳಿರಲಿಲ್ಲ. ಒಂದು ಹನಿ ಒಳಗೆ ಹೋಗಿರಲಿಲ್ಲ, ಒಳಗಿದ್ದ ಒಂದು ಹನಿ ಹೊರಗೂ ಬಂದಿರಲಿಲ್ಲ. ಸಾಹೇಬರು ಸಂತೋಷದಿಂದ ‘ನಾ ಹೇಳ್ಲಿಲ್ವಾ’ ಎಂದು ಚಹಾಕ್ಕೆ ಕೂರಿಸಲು ನೋಡಿದರು. ತಪ್ಪಿಸಿಕೊಂಡು ನಡೆದ. ಮಳೆ ಬಿಟ್ಟು ಬಿಸಿಲು ಬಿದ್ದ ದಿನಗಳಲ್ಲಿ ತಾಡಪಾಲಿನೊಳಗೆ ಕೈ ಹಾಕಿದರೆ ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಆವಿ ಮುಖಕ್ಕೆ ಹೊಡೆಯುತ್ತಿತ್ತು. ಅದು ತಿಳಿದೂ ಮುಚ್ಚಿದ್ದ. ಬಿಚ್ಚಿದ ದಿನ ತಾಡಪಾಲಿನ ಒಳಮೈಗೆಲ್ಲ ನೀರಿನ ಗುಳ್ಳೆ ಹಿಡಿದಿತ್ತು, ವಿನೋದ ಮೂಗರಳಿಸಿ ‘ಎಂತದ ಅಣಬೆ ವಾಸ್ನೆ’ ಎಂದ, ‘ಹಳೇ ಬಲೇದು’ ಎಂದು ಮಾಬ್ಲ ಬಾಯಿ ಮುಚ್ಚಿಸಿದ. ಆಮೇಲೆ ತೊಲೆ ನೋಡುವ ಮೊದಲೇ ಡೆಕ್ಕಿಗೆ ಹಸಿರು ಬಣ್ಣ ಬಳಿದ, ಒಂದಲ್ಲ ಮೂರು ಸಲ. ಇಡೀ ಬಂದರಿನಲ್ಲಿ ಅಷ್ಟು ಚಂದದ ಡೆಕ್ಕು ಇನ್ನೊಂದಿಲ್ಲ ಎಂದು ಜನ ಹೇಳಿದರು, ಇವನು ಕೇಳಿಕೊಂಡು ಓಡಾಡಿದ.

ನಿನ್ನೆ ವಿಂಚಿನ ನಟ್ಟು ಬಿಗಿ ಮಾಡಲು ಹೋಗದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪಾನಾ ಹಾಕಿ ತಿರುಗಿಸಿದರೆ ನಟ್ಟು ಬಿಗಿಯುವ ಬದಲು ಬೋಲ್ಟೇ ತಿರುಗಿತು, ಬಾಯಿಯೊಳಗೆ ಸಡಿಲವಾದ ಹಲ್ಲು ತಿರುಗಿದ ಹಾಗೆ. ಹಗ್ಗ ಇಡುವ ಕೆಳಕೋಣೆಗೆ ಇಳಿದು, ಬ್ಯಾಟರಿ ಬಿಟ್ಟು, ಬಲೆ ಹೊಲಿಯುವ ದಬ್ಬಣ ತೆಗೆದು ವಿಂಚಿನಡಿಯ ತೊಲೆಗೆ ಚುಚ್ಚಿದ. ಹೋಯಿತು. ಇನ್ನೊಂದು ಕಡೆ ಚುಚ್ಚಿದ, ಅಲ್ಲಿಯೂ ಹೋಯಿತು. ಉಪ್ಪು ಮತ್ತು ಗಾಳಿ ಸೇರಿ ಎಷ್ಟೋ ವರ್ಷ ತಡೆದು ನಿಲ್ಲಿಸಿದ್ದನ್ನು ಅವನು ಒಂದೇ ಮಳೆಗಾಲದಲ್ಲಿ ಸಾಕಿ ಬೆಳೆಸಿದ್ದ. ಮತ್ತಿ ಮರ, ಅವನೇ ಆರಿಸಿ ತಂದದ್ದು, ಬೆರಳು ಒತ್ತಿದರೆ ಒದ್ದೆ ರೊಟ್ಟಿಯಂತೆ ಮುರಿದು ಬರುತ್ತಿತ್ತು. ಬಲೆಯಲ್ಲಿ ಮೀನು ತುಂಬಿದಾಗ, ಇಲ್ಲವೇ ಬಲೆ ಕಲ್ಲಿಗೆ ಸಿಕ್ಕಿದಾಗ, ಇಡೀ ಸಮುದ್ರದ ಎಳೆತ ಬೀಳುವುದು ಆ ವಿಂಚಿನ ಮೇಲೆ, ವಿಂಚಿನ ಎಳೆತ ಆ ತೊಲೆಯ ಮೇಲೆ. ಕುಮಟೆಯ ಗಣಪಿ ಎಂಬ ಖಲಾಸಿ ಕೆಲಸ ಮಾಡುತ್ತಿದ್ದ ಬೋಟಿನಲ್ಲಿ ಹೀಗೆಯೇ ವಿಂಚು ಕಿತ್ತು ಅವನ ಕಾಲಿನ ಮೇಲೆ ಬಂದಿತ್ತು. ಆಗ ಬೋಟುಗಳೆಲ್ಲ ಹೊನ್ನಾವರದ ಅಳಿವೆಯ ಹೊರಗಿದ್ದವು, ಮಾಬ್ಲನದೇ ಹತ್ತಿರವಿತ್ತು. ಗಣಪಿಯನ್ನು ಈಚೆ ಬೋಟಿಗೆ ತಂದು ಮಲಗಿಸಿದಾಗ ಅವನು ತನ್ನ ಚಪ್ಪಲಿ ಕೇಳಿದ. ಎರಡೂ ಚಪ್ಪಲಿ ಬೇಕು ಅಂದ. ಈಗ ಕುಮಟೆಯ ಬಸ್‌ಸ್ಟ್ಯಾಂಡಿನ ಹೊರಗೆ ಗಾಲಿ ಹಲಗೆಯ ಮೇಲೆ ಕುಳಿತು ಕಡಲೆಕಾಯಿ ಮಾರುತ್ತಾನೆ, ಮಾಬ್ಲ ಆ ಕಡೆ ಹೋದರೆ ರಸ್ತೆಯ ಇನ್ನೊಂದು ಬದಿ ಹಿಡಿಯುತ್ತಾನೆ.

ಹಾಗಾದರೆ ಹೇಳಿಬಿಡಬೇಕು. ಹೇಳಿದರೆ ಏನಾಗುತ್ತದೆ? ಡೆಕ್ಕು ಬಿಚ್ಚಬೇಕು, ವಿಂಚು ಇಳಿಸಬೇಕು, ಹೊಸ ತೊಲೆಗೆ ಆಚಾರಿ ಸಿಗಬೇಕು. ಮೀನು ದಂಡಿಯಾಗಿ ಬೀಳುವ ಶುರುವಿನ ದಿನಗಳು ದಡದಲ್ಲೇ ಹೋದವು. ಅದೂ ತಡೆದುಕೊಳ್ಳಬಹುದು. ಮಾಬ್ಲನಿಗೆ ತಡೆಯಲಾಗದ್ದು ಬೇರೆ. ಈ ಬೋಟಿನಲ್ಲಿ ಅವನಿಗೆ ಉಳಿದದ್ದು ಆ ಎರಡು ತಿಂಗಳು ಮಾತ್ರ, ಮುಂದಿನ ವರ್ಷ ಅವೂ ಹೋದವು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ‘ನೀವು ಕೂತ್ಕಳಿ ಮಾವ, ನಾವು ಮಾಡ್ತೇವೆ’ ಅನ್ನುತ್ತಾರೆ. ಕೂರಲು ಕುರ್ಚಿ ಕೊಡುತ್ತಾರೆ. ಬಂದರಿನ ಬೇಲಿಯ ಬದಿಗೆ ಅಂಥ ಕುರ್ಚಿಗಳಲ್ಲಿ ಕುಳಿತ ಮುದುಕರನ್ನು ಅವನು ನೋಡಿದ್ದಾನೆ, ಚಹಾ ತಂದುಕೊಟ್ಟವರಿಗೆಲ್ಲ ಗಾಳಿಯ ದಿಕ್ಕು ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಒಂದು ವರ್ಷ ದಾಟಿಹೋಗಲಿ. ಮುಂದಿನ ಮಳೆಗಾಲದಲ್ಲಿ ಸದ್ದಿಲ್ಲದೆ ತೊಲೆ ಬದಲಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ವರ್ಷ ತಡೆಯಬಹುದು. ತಡೆಯದೆಯೂ ಇರಬಹುದು. ಹೀಗೆ ಯೋಚಿಸುತ್ತಿರುವುದು ತಾನೇ ಎಂದು ಗೊತ್ತಾದಾಗ ಅವನು ನಡು ರಸ್ತೆಯಲ್ಲಿ ನಿಂತು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

ಬಂದರಿನಲ್ಲಿ ಮಹಾಲಕ್ಷ್ಮೀ ಮದುಮಗಳಂತೆ ನಿಂತಿದ್ದಳು. ಮೂತಿಗೆ ಅಬ್ಬಲಿಗೆ ಮಾಲೆ, ಕಂಬದಿಂದ ಕಂಬಕ್ಕೆ ಬಣ್ಣದ ಕಾಗದ. ಮರಳಿನ ಮೇಲೆ ಹೆಂಗಸರ ನಡುವೆ ಸುಚಿತಾ ಬಾಳೆಲೆಯ ಮೇಲೆ ಪಂಚಕಜ್ಜಾಯ ಕಲಸುತ್ತಿದ್ದಳು. ‘ಅಪ್ಪ ಬಂದ’ ಎಂದು ಯಾರಿಗೋ ಹೇಳಿದಳು. ಪಕ್ಕದ ಬೋಟಿನವರು ಡೆಕ್ಕು ನೋಡಲು ಹತ್ತಿ ಇಳಿಯುತ್ತಿದ್ದರು, ಮಾಬ್ಲನೂ ಏಣಿ ಹತ್ತಿದ. ಒಬ್ಬ ಹಸಿರು ಹಲಗೆಯ ಮೇಲೆ ಹಿಮ್ಮಡಿಯಿಂದ ಕುಟ್ಟಿ, ‘ಗಟ್ಟಿ ಮಾಡೀರಿ ಮಾಬ್ಲಣ್ಣ’ ಎಂದ. ಮಾಬ್ಲನ ಕಿವಿಗೆ ಆ ಕುಟ್ಟಿದ ಸದ್ದು ಟೊಳ್ಳಾಗಿ ಕೇಳಿಸಿತು. ಅವನಿಗೊಬ್ಬನಿಗೇ ಕೇಳಿಸಿತೋ, ಎಲ್ಲರಿಗೂ ಕೇಳಿಸಿ ಎಲ್ಲರೂ ಸುಮ್ಮನಿದ್ದರೋ. ರಾಜೇಶ ವಿಂಚಿನ ಹತ್ತಿರ ಹಗ್ಗ ಸುತ್ತುತ್ತಿದ್ದ. ತುಂಬು ತೋಳಿನ ಅಂಗಿ, ಈ ಸೆಕೆಯಲ್ಲಿ, ಮಣಿಕಟ್ಟಿನ ತನಕ ಗುಂಡಿ ಹಾಕಿದ್ದ. ‘ರಾಜೇಶ’ ಎಂದು ಮಾಬ್ಲ ಕರೆದ. ಅಳಿಯ ಹಗ್ಗ ಬಿಟ್ಟು ಹತ್ತಿರ ಬಂದು ನಿಂತ. ಈಗ ಹೇಳಬೇಕು, ವಿಂಚಿನ ಹತ್ತಿರ ಇಬ್ಬರೇ ಇದ್ದಾರೆ. ‘ಐಸ್ ಬಂತ?’ ಎಂದು ಕೇಳಿದ. ‘ಬಂತು ಮಾವ.’ ‘ಡೀಸೆಲ್?’ ‘ಅದೂ ಆತು.’ ರಾಜೇಶ ಇನ್ನೂ ಏನೋ ಕೇಳಿಯಾರು ಎಂಬಂತೆ ಕಾದು ನಿಂತ, ಸ್ವಲ್ಪ ಹೆಚ್ಚೇ ಹೊತ್ತು ನಿಂತ, ಆಮೇಲೆ ‘ಡೆಕ್ ಚಂದ ಆಗ್ಯದೆ ಮಾವ’ ಎಂದು ಹೇಳಿ ಹಗ್ಗದ ಕಡೆ ತಿರುಗಿದ. ಅವನು ತನ್ನ ಮುಖ ನೋಡಲಿಲ್ಲ ಎನ್ನುವುದನ್ನು ಮಾಬ್ಲ ಗಮನಿಸಿದ. ಆದರೆ ರಾಜೇಶ ಯಾವತ್ತೂ ಮುಖ ನೋಡಿ ಮಾತಾಡಿದವನಲ್ಲ.

ಇನ್ನೊಂದು ಸಲ ನೋಡಿಬಿಡೋಣ ಎಂದು ಅವನು ಕೆಳಕೋಣೆಗೆ ಇಳಿದ. ಕತ್ತಲೆ, ಡೀಸೆಲಿನ ವಾಸನೆ, ಮೇಲೆ ಜನರ ಹೆಜ್ಜೆ. ಮಂಡಿ ಊರಿ, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ದಬ್ಬಣ ತೆಗೆದು ವಿಂಚಿನಡಿಯ ತೊಲೆಗೆ ಒತ್ತಿದ. ಹೋಗಲಿಲ್ಲ. ಇನ್ನೂ ಬಲವಾಗಿ ಒತ್ತಿದ, ಕಲ್ಲಿಗೆ ಒತ್ತಿದ ಹಾಗೆ ದಬ್ಬಣ ಬಾಗಿತು. ಪಕ್ಕಕ್ಕೆ ಒತ್ತಿದ, ಅಲ್ಲಿಯೂ ಗಟ್ಟಿ. ಮಾಬ್ಲನಿಗೆ ಕಣ್ಣಲ್ಲಿ ನೀರು ಬಂತು. ನಿನ್ನೆ ಕಂಡದ್ದು ಸುಳ್ಳು, ಮುದಿ ಕಣ್ಣಿನ, ಮುದಿ ತಲೆಯ ಭ್ರಮೆ. ಬೇರೆ ಯಾವುದೋ ತುಂಡಿಗೆ ಚುಚ್ಚಿರಬೇಕು, ಹಗ್ಗದ ಸಿಂಬೆಗೆ ಚುಚ್ಚಿರಬೇಕು. ದೇವರೇ, ಮುರ್ಡೇಶ್ವರನಿಗೆ ಹಣ್ಣುಕಾಯಿ ಮಾಡಿಸುತ್ತೇನೆ, ಸಾಹೇಬರ ಅಂಗಡಿಯಲ್ಲಿ ಕುಳಿತು ಚಹಾ ಕುಡಿಯುತ್ತೇನೆ. ತೊಲೆಯನ್ನು ಮಗುವಿನ ಬೆನ್ನು ಸವರಿದಂತೆ ಅಂಗೈಯಿಂದ ಸವರಿದ. ಅಂಗೈಗೆ ಏನೋ ಅಂಟಿತು. ಬ್ಯಾಟರಿಯ ಬೆಳಕಿಗೆ ಹಿಡಿದು ನೋಡಿದರೆ ಹಸಿರು ಬಣ್ಣ, ಇನ್ನೂ ಒಣಗಿರಲಿಲ್ಲ. ತೊಲೆಯ ಅಡಿಗೆ ತಾನು ಬಣ್ಣ ಹಚ್ಚಿರಲಿಲ್ಲ. ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಬೂದಿ ಬಣ್ಣದ ಮೇಣ, ಪೈಪಿನ ತೂತು ಮುಚ್ಚಲು ಕಲಸಿ ಹಚ್ಚುತ್ತಾರಲ್ಲ, ಒಣಗಿದರೆ ಕಲ್ಲಾಗುವಂಥದ್ದು, ಅದು. ಯಾರೋ ಕೊಳೆತದ್ದನ್ನು ಕೆರೆದು ತೆಗೆದು, ಮೇಣ ಮೆತ್ತಿ, ಬೆರಳಿನಿಂದ ನಯ ಮಾಡಿ, ಮೇಲೆ ಬಣ್ಣ ಬಳಿದಿದ್ದರು. ಮೇಣ ಮುಗಿದ ಕಡೆ ಸ್ವಲ್ಪ ಆಚೆಗೆ ದಬ್ಬಣ ಒತ್ತಿದ. ಕಣ್ಣಿನ ತನಕ ಹೋಯಿತು.

ಕೆಳಗೇ ಕುಳಿತುಬಿಟ್ಟ. ಮೇಣ ತುಂಬಿದ್ದು ಅವನು ನಿನ್ನೆ ದಬ್ಬಣ ಚುಚ್ಚಿದ್ದ ಜಾಗದಲ್ಲೇ. ಅಂದರೆ ತುಂಬಿದವನು ತೂತುಗಳನ್ನು ನೋಡಿದ್ದಾನೆ. ಈ ಬೋಟಿನಲ್ಲಿ ದಬ್ಬಣ ಕಿಸೆಯಲ್ಲಿಟ್ಟುಕೊಂಡು ತಿರುಗುವವರು ಯಾರೆಂದು ಅವನಿಗೆ ಗೊತ್ತು. ಅಂದರೆ ತೊಲೆ ಕೊಳೆತದ್ದು ಅವನಿಗೆ ಗೊತ್ತು. ಅದು ಮಾಬ್ಲನಿಗೆ ಗೊತ್ತು ಎನ್ನುವುದೂ ಗೊತ್ತು. ಗೊತ್ತಿದ್ದೂ ಮಾಬ್ಲ ಏನೂ ಹೇಳಲಿಲ್ಲ ಎನ್ನುವುದೂ. ‘ಐಸ್ ಬಂತ’ ಎಂದು ಕೇಳಿದಾಗ ರಾಜೇಶ ಎದುರಿಗೆ ನಿಂತು ಕಾದದ್ದು ಅದಕ್ಕೇ. ಮಾಬ್ಲನಿಗೆ ತಲೆಯ ಮೇಲಿನ ಹೆಜ್ಜೆಗಳಲ್ಲಿ ರಾಜೇಶನ ಹೆಜ್ಜೆ ಯಾವುದೆಂದು ತಿಳಿಯುತ್ತಿತ್ತು, ವಿಂಚಿನ ಸುತ್ತ ಅದೊಂದು ಮಾತ್ರ ಮೆಲ್ಲಗೆ, ಭಾರ ಹಾಕದೆ ಬೀಳುತ್ತಿತ್ತು. ನಾಚಿಕೆ ಎಂದರೆ ಇಷ್ಟು ಬಿಸಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಾವನ ಮರ್ಯಾದೆ ಹೋಗಬಾರದೆಂದು ಅಳಿಯ ಮೇಣ ಮೆತ್ತಿ ಸಮುದ್ರಕ್ಕೆ ಹೊರಟಿದ್ದ, ಮಾವ ಅದೇ ಮರ್ಯಾದೆಗಾಗಿ ಅವನನ್ನು ಕಳಿಸಲು ಕಾಯಿ ಹೊತ್ತುಕೊಂಡು ಬಂದಿದ್ದ.

ಮೇಲೆ ಬಂದು, ಏಣಿ ಇಳಿದು, ಮಗಳ ಹತ್ತಿರ ಹೋದ. ‘ನಿನ್ನೆ ನಿನ್ನ ಗಂಡ ಎಂತಕ್ಕೆ ಊಟಕ್ಕೆ ಬರ್ಲಿಲ್ಲ?’ ಸುಚಿತಾ ಬೆಲ್ಲದ ಕೈ ಎತ್ತಿ ಮುಂಗೈಯಿಂದ ಕೂದಲು ಹಿಂದೆ ಸರಿಸಿದಳು. ‘ಬೋಟಲ್ಲೆ ಎಂತೋ ಕೆಲ್ಸ ಅಂದ್ರು. ಬರುವಾಗ ಎರಡೂ ಕೈ ಮೊಣಕೈ ತನಕ ಹಸಿರು. ಸೀಮೆಎಣ್ಣೆ ಹಾಕಿ ಎಷ್ಟ್ ತಿಕ್ಕಿದ್ರೂ ಹೋಗ್ಲಿಲ್ಲ. ಅಪ್ಪಂಗೆ ಹೇಳ್ಬೇಡ ಅಂದಿದ್ರು.’ ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಬಿಳಿಚಿತು. ‘ಎಂತ ಆತು ಅಪ್ಪ?’

ಅಷ್ಟರಲ್ಲಿ ಪೂಜೆಗೆ ಬಂದ ಭಟ್ಟರು ಗಂಟೆ ಬಾರಿಸಿದರು. ನೀರು ಏರುತ್ತಾ ಬೋಟಿನ ಬುಡಕ್ಕೆ ಬಂದಿತ್ತು. ಬೋಟು ತಳ್ಳಲು ಬಂದವರು ಎರಡೂ ಬದಿ ಹೆಗಲು ಕೊಟ್ಟು ನಿಂತಿದ್ದರು. ‘ಹಿರೇರು ಬನ್ನಿ, ಕಾಯಿ ಒಡೀಲಿ’ ಎಂದು ಯಾರೋ ಕೂಗಿದರು, ದಾರಿ ಬಿಟ್ಟರು. ಇವತ್ತಿನ ದಿನ ಬೋಟಿನ ಬಗ್ಗೆ ಕೆಟ್ಟ ಮಾತು ಆಡುವ ಹಾಗಿಲ್ಲ. ಹಗ್ಗ ಹರಿದರೂ ‘ಬಿಟ್ಟಿತು’ ಅನ್ನಬೇಕೇ ಹೊರತು ‘ಹರಿಯಿತು’ ಅನ್ನಬಾರದು. ಕುಂಕುಮ ಹಚ್ಚಿದ ಬೋಟಿಗೆ ಹುಳುಕು ಎಂದವನ ಮನೆಯ ನೀರನ್ನು ಒಂದು ವರ್ಷ ಯಾರೂ ಕುಡಿಯುವುದಿಲ್ಲ. ಮಾಬ್ಲ ಕಾಯಿ ಹಿಡಿದು ಮತ್ತೆ ಏಣಿ ಹತ್ತಿದ, ಮಂಡಿ ಒಂದೊಂದು ಮೆಟ್ಟಿಲಿಗೂ ಕೂಗಿಕೊಂಡಿತು. ಮೂತಿಯ ಕಡೆ ಹೋಗಬೇಕಾದವನು ವಿಂಚಿನ ಹತ್ತಿರ ನಿಂತ. ಕಾಯಿಯನ್ನು ಹಗ್ಗದ ಸಿಂಬೆಯ ನಡುವೆ ಮೆಲ್ಲಗೆ ಇಟ್ಟ.

‘ಬೋಟ್ ಇಳಿಸ್ಬೇಡಿ. ವಿಂಚಿನಡಿ ತೊಲೆ ಕೊಳ್ತು ಹೋಗ್ಯದೆ.’

ಗಂಟೆ ನಿಂತಿತು. ಕೆಳಗೆ ಹೆಂಗಸೊಬ್ಬಳು ‘ಶಿವ ಶಿವ’ ಅಂದಳು. ‘ಇಲ್ಲ ಮಾವ’ ಎಂದು ರಾಜೇಶ ಒಂದೇ ಹೆಜ್ಜೆಗೆ ಹತ್ತಿರ ಬಂದ. ಜನರ ಕಡೆ ತಿರುಗಿ, ‘ಎಂತದೂ ಆಗ್ಲಿಲ್ಲ. ನಾ ನೋಡಿದ್ದೆ, ಗಟ್ಟಿ ಅದೆ. ಮಾವಂಗೆ ಬಿಸಿಲು ತಾಗ್ತು’ ಎಂದ. ಮತ್ತೆ, ಅವನಿಗೆ ಮಾತ್ರ ಕೇಳುವಂತೆ, ‘ಮಾವ, ಬೇಡ. ಎಲ್ಲರೂ ಇಲ್ಲೇ ಅವ್ರೆ. ಬಲೆ ಮೆಲ್ಲ ಎಳೀತೆ ನಾನು, ಭಾರ ಹಾಕೂದಿಲ್ಲ’ ಎಂದ. ಮಾಬ್ಲನಿಗೆ ಒಂದು ಕ್ಷಣ ಆಸೆ ಆಗಲಿಲ್ಲವೆಂದಲ್ಲ. ಬಿಸಿಲು ತಾಗಿದ ಮುದುಕನಾಗಿ ಕೆಳಗಿಳಿದು ನೆರಳಲ್ಲಿ ಕೂರಬಹುದಿತ್ತು, ಎಲ್ಲವೂ ಸರಿಹೋಗುತ್ತಿತ್ತು, ಬಾಗಿಲು ತೆರೆದೇ ಇತ್ತು. ಅವನು ಬಗ್ಗಿ, ಡೆಕ್ಕಿನ ಅಂಚಿಗೆ ಆನಿಸಿಟ್ಟಿದ್ದ ಹಾರೆ ಎತ್ತಿಕೊಂಡು, ತಾನೇ ಮೂರು ಸಲ ಬಣ್ಣ ಬಳಿದ ಹಲಗೆಯ ಸಂದಿಗೆ ತುದಿ ಹೊಗಿಸಿ, ಮೈಯ ಭಾರವನ್ನೆಲ್ಲ ಹಾಕಿದ. ಅಷ್ಟು ಭಾರ ಬೇಕಿರಲಿಲ್ಲ. ಮೊಳೆಗಳಿಗೆ ಹಿಡಿದುಕೊಳ್ಳಲು ಕೆಳಗೆ ಏನೂ ಇರಲಿಲ್ಲ. ಹಲಗೆ ಸದ್ದಿಲ್ಲದೆ ಎದ್ದು ಬಂತು, ಮಾಬ್ಲ ಮುಗ್ಗರಿಸಿದ, ರಾಜೇಶ ರಟ್ಟೆ ಹಿಡಿದು ನಿಲ್ಲಿಸಿದ. ಇನ್ನೊಂದು ಹಲಗೆ ಎಬ್ಬಿಸಿದ. ತೊಲೆಯ ನೆತ್ತಿ ಕಪ್ಪಾಗಿ, ಒದ್ದೆಯಾಗಿ, ಉದ್ದಕ್ಕೂ ಬಿಳಿ ನೂಲು ಹಿಡಿದು ಮಲಗಿತ್ತು. ಅಣಬೆಯ ವಾಸನೆ ಅಬ್ಬಲಿಗೆಯ ನಡುವೆ ಎದ್ದು ಕೆಳಗೆ ನಿಂತವರ ಮೂಗಿಗೂ ತಲುಪಿತು. ವಿನೋದ ಹತ್ತಿ ಬಂದು ಇಣುಕಿದ, ವಿಂಚನ್ನು ಕೈಯಿಂದ ನೂಕಿದ, ವಿಂಚು ಅಲ್ಲಾಡಿತು. ಅವನು ಹಿಂದೆ ಸರಿದು ತನ್ನ ಅಂಗೈಯನ್ನು ಲುಂಗಿಗೆ ಒರೆಸಿಕೊಂಡ.

‘ನಾ ಮಾಡಿದ್ದು’ ಎಂದ ಮಾಬ್ಲ. ‘ತಾಡಪಾಲು ಕಟ್ಟಿ ಉಸಿರು ಕಟ್ಟಿಸ್ದೆ. ಉಪ್ಪೂ ಹಾಕ್ಲಿಲ್ಲ. ಗಾಳಿ ಬಿಡೂದು ಅಂತ ಇವ ಹೇಳಿದ್ದ, ನಾ ಎಲ್ಲರ ಮುಂದೆ ನಗೆ ಮಾಡ್ದೆ. ನಿನ್ನೆ ನೋಡ್ದೆ, ನೋಡಿಯೂ ಸುಮ್ನಿದ್ದೆ.’ ಹೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ.

ಸುಚಿತಾ ಯಾವಾಗ ಏಣಿ ಹತ್ತಿದಳೋ, ಬೆಲ್ಲದ ಕೈಯಲ್ಲೇ ಬೋಟಿನ ಅಂಚು ಹಿಡಿದು ಆ ತೆರೆದ ಬಾಯಿಯನ್ನು ನೋಡುತ್ತಿದ್ದಳು. ಅಪ್ಪನನ್ನು ಅವಳು ನೋಡಲಿಲ್ಲ. ಗಂಡನ ತೋಳಿನ ಗುಂಡಿ ನೋಡಿದಳು. ‘ನಿಮ್ಗೆ ಗೊತ್ತಿತ್ತು’ ಎಂದಳು. ‘ಗೊತ್ತಿದ್ದೂ ಹೋಗ್ತಿದ್ರಿ.’

ರಾಜೇಶ ಎದ್ದ ಹಲಗೆಯ ಮೊಳೆಗಳನ್ನೇ ನೋಡುತ್ತಾ ನಿಂತ. ‘ಮಾವ ನೋಡಿ ಸುಮ್ನಾದ್ರು’ ಎಂದ. ‘ಮಾವನೇ ಸುಮ್ನಾದ್ಮೇಲೆ ನಾ ಹ್ಯಾಂಗೆ ಹೇಳೂದು?’

ಹೆಗಲು ಕೊಟ್ಟು ನಿಂತವರು ಒಬ್ಬೊಬ್ಬರಾಗಿ ಹೆಗಲು ತೆಗೆದರು, ಭಟ್ಟರು ತಟ್ಟೆ ಜೋಡಿಸಿಕೊಂಡರು, ಪಕ್ಕದ ಬೋಟಿನವರು ಭರತ ಇಳಿಯುವ ಮೊದಲು ತಮ್ಮದನ್ನು ನೀರಿಗೆ ನೂಕಲು ಅವಸರದಿಂದ ಹೋದರು. ಅವರ ಬೋಟು ನೀರಿಗೆ ಬಿದ್ದ ಸದ್ದು, ಅದರ ಮೇಲಿನ ಹುಯ್ಲು ಇಲ್ಲಿಗೆ ಕೇಳುತ್ತಿತ್ತು. ಮಾಬ್ಲ ವಿಂಚಿಗೆ ಒರಗಲು ಹೋಗಿ, ನೆನಪಾಗಿ, ಒರಗದೆ ನಿಂತ. ಆಗ ಪಡುವಣದಿಂದ ತಣ್ಣಗೆ ಗಾಳಿ ಬೀಸಿ, ಹಸಿರು ಹಲಗೆಯ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಮಳೆ. ತೆರೆದ ತೊಲೆಯ ಮೇಲೆ ಬೀಳುತ್ತದೆ ಎಂದು ಎಲ್ಲರಿಗಿಂತ ಮೊದಲು ಕಂಡದ್ದು ವಿನೋದನಿಗೆ. ಅವನು ಓಡಿಹೋಗಿ ಮಡಚಿಟ್ಟಿದ್ದ ನೀಲಿ ತಾಡಪಾಲು ತಂದು ಎಸೆದ, ಒಂದು ತುದಿ ರಾಜೇಶನ ಕೈಗೆ ಸಿಕ್ಕಿತು, ಇನ್ನೊಂದು ಮಾಬ್ಲನ ಕೈಗೆ. ಅಭ್ಯಾಸದ ಕೈ ಅದನ್ನು ಹಲಗೆಗೆ ಒತ್ತಿ, ಬಿಗಿಯಾಗಿ, ಸಂದಿಯೇ ಇಲ್ಲದಂತೆ ಮುಚ್ಚಲು ಬಗ್ಗಿತು.

‘ಮೇಲೆ ಹಿಡೀರಿ ಮಾವ’ ಎಂದ ರಾಜೇಶ. ಎತ್ತರದ ಧ್ವನಿ, ಸಮುದ್ರದ ಮೇಲೆ ಖಲಾಸಿಗಳಿಗೆ ಹೇಳುವ ಧ್ವನಿ. ಅದನ್ನು ಮಾಬ್ಲ ದಡದಲ್ಲಿ ಎಂದೂ ಕೇಳಿರಲಿಲ್ಲ. ಅವನು ತಲೆ ಎತ್ತಿದ. ಅಳಿಯ ಎರಡೂ ತೋಳು ಮೇಲೆ ಮಾಡಿ ನಿಂತು ನೇರ ಅವನ ಮುಖವನ್ನೇ ನೋಡುತ್ತಿದ್ದ. ಗುಂಡಿ ಕಿತ್ತು ಅಂಗಿಯ ತೋಳು ಜಾರಿ, ತಿಕ್ಕಿದರೂ ಹೋಗದ ಹಸಿರು ಮೊಣಕೈಯ ತನಕ ಕಾಣುತ್ತಿತ್ತು.

‘ಇನ್ನೂ ಸ್ವಲ್ಪ ಮೇಲೆ. ಗಾಳಿ ಹೋಗ್ಲಿ.’

ಮಾಬ್ಲ ಕೈ ಎತ್ತಿದ. ಇನ್ನೂ ಎತ್ತಿದ, ರಟ್ಟೆ ನೋಯುವ ತನಕ. ತಾಡಪಾಲಿನ ಮೇಲೆ ಮಳೆ ಸದ್ದು ಮಾಡಿ ಸುರಿಯಿತು, ಅದರ ಕೆಳಗೆ, ಇಬ್ಬರ ನಡುವೆ, ಕೊಳೆತ ತೊಲೆಯ ಮೇಲಿಂದ ಸಮುದ್ರದ ಗಾಳಿ ಹಾದುಹೋಯಿತು.